ಏಳು ಕಡಲಾಚೆಯ ಒಡನಾಡಿ

ದೇಶಕ್ಕೊಬ್ಬರಂತೆ ಕುಳಿತು ಒಂದೇ ಕೆಲಸ ಮಾಡುವ ತಂಡಗಳು ಬೆಂಗಳೂರಿಗೆ ಹೊಸತಲ್ಲ. ಲಗ್ಗೆರೆಯ ಮಗ್ಗುಲಿನ ಪೀಣ್ಯದ ಶೆಡ್ಡುಗಳಲ್ಲಿ ಐವತ್ತು ವರ್ಷಗಳ ಹಿಂದೆಯೇ ಅದು ನಡೆದಿತ್ತು. ಒಬ್ಬರನ್ನೊಬ್ಬರು ಕಾಣದವರ ನಡುವೆ ನಂಬಿಕೆ ಬೆಳೆಯುವುದು ಹೇಗೆ?

ರಾತ್ರಿ ಒಂಬತ್ತರ ಹೊತ್ತು. ಪೀಣ್ಯದ ಕಾರ್ಖಾನೆಗಳಿಂದ ಲಗ್ಗೆರೆಯ ಕಡೆ ಹರಿದು ಬರುವ ಬೈಕು, ಬಸ್ಸುಗಳ ಭರಾಟೆ ಸ್ವಲ್ಪ ಇಳಿದಿರುತ್ತದೆ. ಲೇತ್ ಮೆಷಿನ್ನಿನ ಮುಂದೆ ನಿಂತು ದಣಿದವರು, ಗಾರ್ಮೆಂಟ್ಸ್‌ನಲ್ಲಿ ಹೊಲಿದು ಬಂದವರು ಊಟ ಮುಗಿಸಿ ಮಲಗುವ ಸಿದ್ಧತೆಯಲ್ಲಿರುತ್ತಾರೆ. ಅದೇ ಬೀದಿಯ ಎರಡನೇ ಮಹಡಿಯ ಬಾಡಿಗೆ ಮನೆಗಳಲ್ಲಿ ಕೆಲವರ ಕೆಲಸ ಆಗಷ್ಟೇ ರಂಗೇರುತ್ತದೆ. ಕಿವಿಗೆ ಹೆಡ್‌ಫೋನು, ಎದುರಿಗೆ ಲ್ಯಾಪ್‌ಟಾಪು. ಬೇಸಿಗೆಯಾದರೆ ಕ್ಯಾಲಿಫೋರ್ನಿಯಾದಲ್ಲಿ ಆಗ ಬೆಳಗಿನ ಎಂಟೂವರೆ. ಪರದೆಯ ಮೇಲೆ ಅಂಚೆಚೀಟಿಯಷ್ಟಗಲದ ಮುಖಗಳು. ಅನೇಕ ಸಲ ಮುಖವೂ ಇಲ್ಲ, ಬರೀ ಹೆಸರಿನ ಎರಡಕ್ಷರ!

ಹೀಗೆ ನಾಲ್ಕಾರು ವರ್ಷ ಒಟ್ಟಿಗೆ ದುಡಿದವರಿಗೂ ಆಚೆಯವರಿಗೆ ಮಕ್ಕಳೆಷ್ಟು, ಅವರ ಊರಲ್ಲಿ ಮಳೆ ಬಂದಿದೆಯೇ ಎಂಬುದು ಗೊತ್ತಿರುವುದಿಲ್ಲ. ಇದು ಬರೀ ಕುಶಲೋಪರಿಯ ಪ್ರಶ್ನೆಯಲ್ಲ. ಕೆಲಸದಲ್ಲಿ ತಪ್ಪಾದಾಗ ‘ನಮ್ಮವನು, ಏನೋ ಕಾರಣವಿದ್ದೀತು’ ಎನ್ನುವುದಕ್ಕೂ ‘ಆ ಬೆಂಗಳೂರಿನವರೇ ಹೀಗೆ’ ಎನ್ನುವುದಕ್ಕೂ ಇರುವ ಅಂತರ ಅದರಲ್ಲಿದೆ. ಕಂಪೆನಿ ಖರ್ಚು ಕಡಿತಕ್ಕೆ ಇಳಿದಾಗ ಪಟ್ಟಿಯಲ್ಲಿನ ಹೆಸರು ಒಬ್ಬ ಮನುಷ್ಯನದಾಗಿ ಕಾಣುವುದೋ, ಬರೀ ಅಂಕಿಯಾಗಿ ಕಾಣುವುದೋ ಎಂಬುದೂ ಅದರ ಮೇಲೇ ನಿಂತಿರುತ್ತದೆ.

ಶೆಡ್ಡಿನಲ್ಲಿ ಹುಟ್ಟಿದ ಸ್ನೇಹ

ಲಗ್ಗೆರೆಯವರಿಗೆ ಪೀಣ್ಯವೆಂದರೆ ಕಾರ್ಖಾನೆ. ಆದರೆ ದೇಶದ ಮೊದಲ ಉಪಗ್ರಹ ‘ಆರ್ಯಭಟ’ ರೂಪುಗೊಂಡದ್ದೂ ಇದೇ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. 1972ರ ಮೇ 10ರಂದು ಇಸ್ರೋಗೂ ಸೋವಿಯತ್ ಒಕ್ಕೂಟದ ವಿಜ್ಞಾನ ಅಕಾಡೆಮಿಗೂ ಒಪ್ಪಂದವಾಯಿತು. ಉಪಗ್ರಹ ನಮ್ಮದು, ಅದನ್ನು ಮೇಲಕ್ಕೊಯ್ಯುವ ರಾಕೆಟ್ ಅವರದು. ಉಡುಪಿ ಬಳಿಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಯೋಜನೆಯ ಸಾರಥಿ. ಜೊತೆಗಿದ್ದವರಲ್ಲಿ ಬಹುಪಾಲು ಮಂದಿ ಇನ್ನೂ ಎಳೆಯರು. ಉಪಗ್ರಹ ಕಟ್ಟಿದ ಅನುಭವ ಯಾರಿಗೂ ಇರಲಿಲ್ಲ. ಶೌಚಾಲಯವೊಂದನ್ನೇ ಮಾಹಿತಿ ಸ್ವೀಕಾರ ಕೇಂದ್ರವನ್ನಾಗಿ ಮಾರ್ಪಡಿಸಿಕೊಂಡದ್ದನ್ನು ರಾವ್ ಅವರೇ ಮುಂದೆ ನೆನಪಿಸಿಕೊಂಡಿದ್ದರು.

ಆಗ ಇ-ಮೇಲ್ ಇರಲಿಲ್ಲ. ದೂರದ ಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿದ್ದ ಕಾಲ. ಅವರಿಗೆ ಕನ್ನಡವಿರಲಿ, ಇಂಗ್ಲಿಷೂ ಅಷ್ಟಕ್ಕಷ್ಟೆ. ಇವರಿಗೆ ರಷ್ಯನ್ ಬಾರದು. ನಡುವೆ ದುಭಾಷಿಗಳು. ಆದರೆ ಒಂದು ಅನುಕೂಲವಿತ್ತು. ಎರಡೂ ಕಡೆಯವರು ಪರಸ್ಪರರ ದೇಶಕ್ಕೆ ಹೋಗಿ ಬಂದು, ಒಂದೇ ಮೇಜಿನ ಸುತ್ತ ಕುಳಿತು ನಕ್ಷೆಗಳನ್ನು ಹರಡಿಕೊಂಡು ವಾದಿಸಿದರು. ಸೌರಫಲಕ, ಬ್ಯಾಟರಿಗಳಂಥ ಕೆಲವು ಭಾಗಗಳು ಅಲ್ಲಿಂದ ಬಂದವು. ಒಪ್ಪಂದವಾಗಿ ಮೂರು ವರ್ಷ ತುಂಬುವ ಮೊದಲೇ, 1975ರ ಏಪ್ರಿಲ್ 19ರಂದು, 360 ಕಿಲೋ ತೂಕದ ಆರ್ಯಭಟ ಕಪೂಸ್ತಿನ್ ಯಾರ್ ನೆಲೆಯಿಂದ ಮೇಲೇರಿತು.

ಮುಂದಿನ ಸಂಗತಿ ಇನ್ನೂ ಮುಖ್ಯ. ಹಾರಿದ ಐದನೆಯ ದಿನವೇ ವಿದ್ಯುತ್ ತೊಂದರೆಯಿಂದ ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ನಿಂತವು. ಹಳಿದಾಡಿಕೊಂಡು ದೂರವಾಗಲು ಅಷ್ಟು ಸಾಕಿತ್ತು. ಆದರೆ ಸಂಬಂಧ ಮುರಿಯಲಿಲ್ಲ. ಭಾಸ್ಕರ-1 1979ರಲ್ಲಿ, ಭಾಸ್ಕರ-2 1981ರಲ್ಲಿ, ಐಆರ್‌ಎಸ್-1ಎ 1988ರಲ್ಲಿ ಸೋವಿಯತ್ ರಾಕೆಟ್‌ಗಳ ಮೇಲೆಯೇ ಹೋದವು.

ಜೊತೆಗಾರ ಬರುವ ತನಕ

ಇಂದೂ ಪೀಣ್ಯದಲ್ಲಿ ಇಸ್ರೋದ ‘ಇಸ್ಟ್ರ್ಯಾಕ್’ ಇದೆ. ಹಾರಿದ ಉಪಗ್ರಹಗಳ ಮೇಲೆ ಕಣ್ಣಿಟ್ಟು, ಅವುಗಳಿಗೆ ಆದೇಶ ಕಳಿಸುವ ಕೇಂದ್ರ ಇದು. ಲಖನೌ, ಪೋರ್ಟ್ ಬ್ಲೇರ್‌ಗಳಿಂದ ಹಿಡಿದು ಮಾರಿಷಸ್, ಬ್ರೂನೈ, ಇಂಡೊನೇಷ್ಯಾದ ಬಿಯಾಕ್‌ವರೆಗೆ ಇದರ ಒಡನಾಡಿ ನಿಲ್ದಾಣಗಳು ಚದುರಿವೆ. ಭೂಮಿ ತಿರುಗುತ್ತಲೇ ಇರುವುದರಿಂದ ಒಂದೇ ಊರಿನಿಂದ ಇಡೀ ಆಕಾಶ ಕಾಣದು. ಒಬ್ಬರ ಕಣ್ಣಿನಿಂದ ಮರೆಯಾದದ್ದನ್ನು ಇನ್ನೊಬ್ಬರು ನೋಡಲೇಬೇಕು.

2013ರಲ್ಲಿ ಮಂಗಳಯಾನಕ್ಕೆ ಅಕ್ಟೋಬರ್ 28ರ ಮುಹೂರ್ತ ಇಟ್ಟಾಗಿತ್ತು. ರಾಕೆಟ್ಟಿನ ಕೊನೆಯ ಹಂತ ದಕ್ಷಿಣ ಪೆಸಿಫಿಕ್ ಸಾಗರದ ಮೇಲೆ ನಡೆಯುವಾಗ ಅದನ್ನು ಗಮನಿಸಲು ‘ನಳಂದ’ ಮತ್ತು ‘ಯಮುನಾ’ ಎಂಬ ಎರಡು ಹಡಗುಗಳು ಅಲ್ಲಿರಬೇಕಿತ್ತು. ಕೆಟ್ಟ ಹವೆಗೆ ಸಿಕ್ಕಿ ನಳಂದ ತಡವಾಯಿತು. ಉಡಾವಣೆಯನ್ನೇ ಮುಂದೂಡಲಾಯಿತು! ನವೆಂಬರ್ 5ರಂದು, ಹಡಗುಗಳು ಜಾಗ ಹಿಡಿದ ಮೇಲಷ್ಟೇ ರಾಕೆಟ್ ಮೇಲೆದ್ದಿತು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ನೌಕೆ ಮಂಗಳನ ಕಕ್ಷೆ ಸೇರಿದ ಸುದ್ದಿ 12 ನಿಮಿಷಕ್ಕೂ ಹೆಚ್ಚು ಪಯಣಿಸಿ ಭೂಮಿಗೆ ಮುಟ್ಟಿದಾಗ, ಅದನ್ನು ಮೊದಲು ಹಿಡಿದದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿರುವ ನಾಸಾದ ನಿಲ್ದಾಣ. ದೂರದ ಜೊತೆಗಾರನನ್ನು ಕಾಯುವುದು, ಅವನ ಮಾತನ್ನು ನಂಬುವುದು – ಒಡನಾಟದ ತಿರುಳು ಈ ಎರಡರಲ್ಲೇ ಇದೆ.

ತಂತಿ ಬಂತು, ತಂತು?

ಸಾಫ್ಟ್‌ವೇರ್ ಲೋಕದಲ್ಲಿ ಈ ಬಗೆಯ ದುಡಿಮೆಗೆ ಬಾಗಿಲು ತೆರೆದದ್ದು 1985ರಲ್ಲಿ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಎಂಜಿನಿಯರುಗಳನ್ನು ಅಮೆರಿಕದ ಕಚೇರಿಗೆ ಜೋಡಿಸಿತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಸಂಸ್ಥೆ ಹುಟ್ಟಿ, ಸಣ್ಣ ಕಂಪೆನಿಗಳಿಗೂ ಆ ಸೌಲಭ್ಯ ದೊರೆಯಿತು. 2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂದದ್ದೇ ತಡ, ಕಚೇರಿಯೇ ಮನೆಯೊಳಗೆ ಬಂದು ಕುಳಿತಿತು. ಕುಕ್ಕರ್ ಸೀಟಿ, ಪಕ್ಕದ ಮನೆಯ ಬೋರ್‌ವೆಲ್ ಸದ್ದು, ಮಗುವಿನ ಅಳು ಎಲ್ಲವೂ ಸಾಗರದಾಚೆಗೆ ಕೇಳಿಸಿದವು. ವಿಚಿತ್ರವೆಂದರೆ, ಎಷ್ಟೋ ತಂಡಗಳಲ್ಲಿ ಸಲಿಗೆಯ ಮೊದಲ ನಗು ಹುಟ್ಟಿದ್ದು ಈ ಸದ್ದುಗಳಿಂದಲೇ.

ಸಂಪರ್ಕ ಸುಲಭವಾದಷ್ಟು ಸಂಬಂಧ ಸುಲಭವಾಗಲಿಲ್ಲ. ಅದಕ್ಕೆ ಕಾರಣಗಳಿವೆ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಾವು ಹೇಳುತ್ತೇವೆ. ಆದರೆ ದೂರದ ತಂಡದಲ್ಲಿ ಮೌನಕ್ಕೆ ನೂರೆಂಟು ಅರ್ಥ. ಅಮೆರಿಕದ ಸಂಶೋಧಕಿ ಕ್ಯಾಥರೀನ್ ಕ್ರ್ಯಾಮ್ಟನ್ ಇಂಥ ತಂಡಗಳನ್ನು ಅಭ್ಯಸಿಸಿ 2001ರಲ್ಲಿ ಇದನ್ನು ವಿವರಿಸಿದರು. ಉತ್ತರ ಬಾರದಿದ್ದರೆ ಆತ ಒಪ್ಪಿದನೇ, ಸಿಟ್ಟಾದನೇ, ರಜೆಯಲ್ಲಿದ್ದಾನೆಯೇ, ಪತ್ರವೇ ಮುಟ್ಟಲಿಲ್ಲವೇ ಎಂಬುದು ತಿಳಿಯುವುದಿಲ್ಲ. ಆಗ ಜನ ಸನ್ನಿವೇಶವನ್ನು ಬಿಟ್ಟು ವ್ಯಕ್ತಿಯನ್ನು ದೂರುತ್ತಾರೆ.

ನಮ್ಮ ‘ಹ್ಞೂಂ’ ಕೂಡ ಇದೇ ಜಾತಿಯದು. ಕನ್ನಡಿಗನ ‘ಹ್ಞೂಂ’ ಎಂದರೆ ಎಷ್ಟೋ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ, ಮುಂದುವರಿಸಿ’ ಎಂದಷ್ಟೇ. ಆಚೆಯವರು ಅದನ್ನು ‘ಶುಕ್ರವಾರದೊಳಗೆ ಮುಗಿಸಿಕೊಡುತ್ತೇನೆ’ ಎಂದು ಬರೆದುಕೊಂಡಿರುತ್ತಾರೆ!

ಹೆಸರಿನದೂ ಒಂದು ಕಥೆ. ಹಳೆ ಮೈಸೂರಿನ ಕಡೆ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನದೋ ತಂದೆಯದೋ ಇನಿಷಿಯಲ್ ಮಾತ್ರ. ಅರ್ಜಿಯ ಖಾನೆ ತುಂಬಿಸಲು ತಂದೆಯ ಹೆಸರನ್ನು ಬರೆದದ್ದೇ ತಪ್ಪು, ಮಗನನ್ನು ಆಚೆಯವರು ಅಪ್ಪನ ಹೆಸರಿನಿಂದ ಕರೆಯತೊಡಗುತ್ತಾರೆ. ಸಂಕೋಚಕ್ಕೆ ಇವನು ತಿದ್ದುವುದಿಲ್ಲ. ನಿಜವಾದ ಹೆಸರೇ ಗೊತ್ತಿಲ್ಲದ ಮೇಲೆ ಗೆಳೆತನದ ಮಾತೆಲ್ಲಿ?

ಗಡಿಯಾರದ ನ್ಯಾಯ

ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಹದಿಮೂರೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಲಗ್ಗೆರೆಯ ಒಂಬತ್ತರ ಸಭೆ ಹತ್ತಕ್ಕೆ ಜಾರುತ್ತದೆ. ನಿದ್ದೆಗೆಡುವುದು ಪ್ರತಿಸಲವೂ ಒಂದೇ ಕಡೆಯವರ ಪಾಲಾದರೆ, ಮೇಲ್ನೋಟಕ್ಕೆ ನಗುವಿದ್ದರೂ ಒಳಗೆ ಕಹಿ ಉಳಿಯುತ್ತದೆ. ಒಂದು ವಾರ ನೀವು ಬೇಗ ಏಳಿ, ಇನ್ನೊಂದು ವಾರ ನಾವು ತಡವಾಗಿ ಮಲಗುತ್ತೇವೆ ಎಂದು ಹಂಚಿಕೊಂಡಲ್ಲಿ ಮಾತಿಲ್ಲದೆಯೇ ಗೌರವ ಹುಟ್ಟುತ್ತದೆ.

ಕಂಪೆನಿಗಳೇನೂ ಸುಮ್ಮನಿಲ್ಲ. ಶುಕ್ರವಾರದ ಆಟ, ಪರದೆಯ ಮೇಲಿನ ಅಂತ್ಯಾಕ್ಷರಿ, ಕ್ವಿಜ್ ಎಲ್ಲ ನಡೆಸುತ್ತವೆ. ರಾತ್ರಿ ಹನ್ನೊಂದಕ್ಕೆ ಕಡ್ಡಾಯವಾಗಿ ನಗಬೇಕಾದವರಿಗೆ ಅದೂ ಇನ್ನೊಂದು ಡ್ಯೂಟಿಯೇ. ಅದರ ಬದಲು ಸಣ್ಣ ಸಂಗತಿಗಳು ಹೆಚ್ಚು ಕೆಲಸ ಮಾಡುತ್ತವೆ. ‘ನಾಳೆ ಗೌರಿ ಹಬ್ಬ, ಸಿಗುವುದಿಲ್ಲ’, ‘ಕರೆಂಟು ಹೋಗಿದೆ’, ‘ಅಮ್ಮ ಆಸ್ಪತ್ರೆಯಲ್ಲಿದ್ದಾರೆ’ ಎಂದು ಮುಂಚೆಯೇ ತಿಳಿಸುವುದು. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆನ್ನುವುದು. ಕೆಲಸ ಮಾಡಿದವರ ಹೆಸರನ್ನು ದೊಡ್ಡವರ ಮುಂದೆ ಹೇಳುವುದು. ಸಭೆ ಶುರುವಾಗುವ ಮೊದಲ ಐದು ನಿಮಿಷ ಕೆಲಸದ ಮಾತು ಬಿಡುವುದು.

ಎಲ್ಲಕ್ಕಿಂತ ದೊಡ್ಡದು, ಒಮ್ಮೆಯಾದರೂ ಹೋಗಿ ನೋಡಿ ಬರುವುದು. ಪಮೇಲಾ ಹೈಂಡ್ಸ್ ಮತ್ತು ಕ್ರ್ಯಾಮ್ಟನ್ 2014ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಸಹೋದ್ಯೋಗಿಯನ್ನು ಅವನ ಜಾಗದಲ್ಲೇ ಕಂಡು ಬಂದವರ ನಡುವೆ ಬೆಳೆದ ಸಲಿಗೆ, ಊರಿಗೆ ಮರಳಿದ ಮೇಲೂ ಉಳಿಯುತ್ತದೆ. ಇಲ್ಲಿನ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಕೂತವರು ‘ಏಕೆ ತಡ?’ ಎಂದು ಮತ್ತೆ ಕೇಳಲಾರರು.

ಆರ್ಯಭಟದ ಕಾಲದವರಿಗೆ ಇದನ್ನು ಯಾವ ಅಧ್ಯಯನವೂ ಹೇಳಿಕೊಡಬೇಕಾಗಿರಲಿಲ್ಲ. ಮಾತನಾಡುವುದೇ ದುಬಾರಿಯಾಗಿದ್ದರಿಂದ ಅವರು ಭೇಟಿಯನ್ನು ಬೆಲೆಯುಳ್ಳದ್ದೆಂದು ತಿಳಿದಿದ್ದರು. ಮಾತು ಅಗ್ಗವಾದ ಈ ಕಾಲದಲ್ಲಿ ವಿಮಾನದ ಟಿಕೆಟ್ಟೊಂದೇ ದುಂದುವೆಚ್ಚವಾಗಿ ಕಾಣುತ್ತಿದೆ. ತಪ್ಪಿಹೋದ ನಂಬಿಕೆಯ ಖರ್ಚನ್ನು ಮಾತ್ರ ಯಾರೂ ಲೆಕ್ಕಕ್ಕೆ ಬರೆದುಕೊಳ್ಳುತ್ತಿಲ್ಲ.