ಸಿ ಭಾಷೆಯಲ್ಲಿ ಪಾಯಿಂಟರುಗಳ ಗಣಿತವೂ ಸ್ಮೃತಿಯ ಅಲೈನ್‌ಮೆಂಟೂ

ಗಣಕಯಂತ್ರದ ಸ್ಮೃತಿಯು ಕ್ರಮಾಂಕಿತವಾದ ಬೈಟುಗಳ ಒಂದು ದೀರ್ಘವಾದ ಸಾಲು. ಆ ಸಾಲಿನಲ್ಲಿ ಒಂದು ವಸ್ತುವಿರುವ ಸ್ಥಾನವನ್ನು, ಆ ವಸ್ತುವಿನ ಪ್ರಕಾರದೊಡನೆ, ತಿಳಿಸುವ ಮೌಲ್ಯಕ್ಕೆ ಸಿ ಭಾಷೆಯಲ್ಲಿ ಪಾಯಿಂಟರ್ ಎಂದು ಹೆಸರು. ಪಾಯಿಂಟರಿಗೆ 1ನ್ನು ಕೂಡಿದರೆ ವಿಳಾಸವು ಕೆಲವೊಮ್ಮೆ 4ರಷ್ಟೋ 8ರಷ್ಟೋ ಹೆಚ್ಚುವುದೇಕೆ? 6 ಬೈಟುಗಳ ಸಾಮಗ್ರಿಯುಳ್ಳ ರಚನೆಯು 12 ಬೈಟುಗಳನ್ನು ಆಕ್ರಮಿಸುವುದೇಕೆ? ವಿದ್ಯಾರ್ಥಿಗಳು ಈ ಎರಡು ಪ್ರಶ್ನೆಗಳನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಕೇಳುತ್ತಾರೆ. ಇವುಗಳ ಪರಸ್ಪರ ಸಂಬಂಧವನ್ನು ವಿಶದಪಡಿಸುವುದು ಈ ಲೇಖನದ ಉದ್ದೇಶ.

ಸಿ ಭಾಷೆಗೆ ಪೂರ್ವಜವಾದ ಬಿ ಭಾಷೆಯಲ್ಲಿ ಪ್ರಕಾರಭೇದವಿರಲಿಲ್ಲ. ಪಾಯಿಂಟರೆಂದರೆ ಸ್ಮೃತಿಯ ವರ್ಡುಗಳ ಕ್ರಮಸಂಖ್ಯೆಯಷ್ಟೆ. 1970ರಲ್ಲಿ ಬೆಲ್ ಪ್ರಯೋಗಾಲಯಕ್ಕೆ ಬಂದ ಪಿಡಿಪಿ-11 ಯಂತ್ರವಾದರೋ ಪ್ರತಿಯೊಂದು ಬೈಟಿಗೂ ವಿಳಾಸವನ್ನು ಕೊಡುತ್ತಿತ್ತು. ಆದಕಾರಣ ಪಾಯಿಂಟರಿನ ಮೂಲಕ ವಸ್ತುವನ್ನು ಮುಟ್ಟುವಾಗಲೆಲ್ಲ ಕ್ರಮಸಂಖ್ಯೆಯನ್ನು ಬೈಟ್ ವಿಳಾಸವಾಗಿ ಪರಿವರ್ತಿಸಬೇಕಾಗುತ್ತಿತ್ತು. ಡೆನಿಸ್ ರಿಚಿಯವರು ಬಿ ಭಾಷೆಗೆ ಪ್ರಕಾರಗಳನ್ನು ಸೇರಿಸಿ ಅದನ್ನು ಸಿ ಭಾಷೆಯಾಗಿ ಬೆಳೆಸಲು ಇದೂ ಒಂದು ಕಾರಣ. ಅಂದಿನಿಂದ ಪಾಯಿಂಟರು ಬೈಟ್ ವಿಳಾಸವನ್ನೇ ಹೊತ್ತಿತು. ಕೂಡುವಾಗ ವಸ್ತುವಿನ ಅಳತೆಯಿಂದ ಗುಣಿಸುವ ಹೊಣೆ ಕಂಪೈಲರಿನದಾಯಿತು.

ಉದಾಹರಣೆಗೆ, 4 ಬೈಟಿನ ಪೂರ್ಣಾಂಕಗಳ ಸರಣಿಯೊಂದು 1000ನೆಯ ವಿಳಾಸದಲ್ಲಿ ಆರಂಭವಾಗುವುದೆಂದು ಭಾವಿಸೋಣ. ಅದರ ಪಾಯಿಂಟರಿಗೆ 3ನ್ನು ಕೂಡಿದರೆ 1012 ದೊರೆಯುತ್ತದೆ. ಈ ಎರಡು ಪಾಯಿಂಟರುಗಳ ವ್ಯತ್ಯಾಸ 12 ಅಲ್ಲ, 3. ಸರಣಿಯ ಕೊನೆಯಂಶದ ಮುಂದಿನ ಒಂದು ಸ್ಥಾನದವರೆಗೆ ಪಾಯಿಂಟರನ್ನು ಒಯ್ಯಬಹುದು. ಆದರೆ ಅಲ್ಲಿರುವುದನ್ನು ಓದಲಾಗದು.

ಇನ್ನು ಅಲೈನ್‌ಮೆಂಟಿನ ವಿಚಾರ. ಪಿಡಿಪಿ-11ರಲ್ಲಿ 2 ಬೈಟಿನ ವರ್ಡು ಸಮಸಂಖ್ಯೆಯ ವಿಳಾಸದಲ್ಲಿಯೇ ಇರಬೇಕಾಗಿತ್ತು. ಇಂದಿನ ಬಹುಪಾಲು ಯಂತ್ರಗಳಲ್ಲಿ 4 ಬೈಟಿನ ಪೂರ್ಣಾಂಕವನ್ನು 4ರ ಅಪವರ್ತ್ಯವಾದ ವಿಳಾಸದಲ್ಲಿ ಇಡಲಾಗುತ್ತದೆ. ಒಂದು ಅಕ್ಷರ, ಒಂದು ಪೂರ್ಣಾಂಕ, ಮತ್ತೊಂದು ಅಕ್ಷರ, ಈ ಕ್ರಮದ ರಚನೆಯನ್ನು ತೆಗೆದುಕೊಳ್ಳೋಣ. ಮೊದಲ ಅಕ್ಷರ 0ಯಲ್ಲಿ. 3 ಬೈಟು ಖಾಲಿ. ಪೂರ್ಣಾಂಕ 4ರಿಂದ 7ರವರೆಗೆ. ಎರಡನೆಯ ಅಕ್ಷರ 8ರಲ್ಲಿ. ಇಲ್ಲಿಗೆ 9 ಬೈಟುಗಳಾದುವು. ಹಾಗಾದರೆ 12 ಏಕೆ? ಇಂಥ ರಚನೆಗಳ ಸರಣಿಯಲ್ಲಿ ಪಾಯಿಂಟರಿಗೆ 1ನ್ನು ಕೂಡಿದರೆ ವಿಳಾಸವು ಸರಿಯಾಗಿ ರಚನೆಯ ಅಳತೆಯಷ್ಟೇ ಮುಂದಕ್ಕೆ ಸರಿಯಬೇಕು. ಅಳತೆ 9 ಆಗಿದ್ದರೆ ಎರಡನೆಯ ರಚನೆಯ ಪೂರ್ಣಾಂಕವು 13ಕ್ಕೆ ಬೀಳುತ್ತಿತ್ತು. ಅದು 4ರ ಅಪವರ್ತ್ಯವಲ್ಲ. ಆದುದರಿಂದ ಕೊನೆಯಲ್ಲಿ ಮತ್ತೆ 3 ಬೈಟು ತುಂಬಲೇಬೇಕು. ಪಾಯಿಂಟರಿನ ಗಣಿತವೂ ಅಲೈನ್‌ಮೆಂಟೂ ಸಂಧಿಸುವುದು ಇಲ್ಲಿಯೇ. ಪೂರ್ಣಾಂಕವನ್ನು ಮೊದಲಿಟ್ಟರೆ ಅಳತೆ 8ಕ್ಕೆ ಇಳಿಯುತ್ತದೆ; 10 ಲಕ್ಷ ದಾಖಲೆಗಳಲ್ಲಿ ಇದರಿಂದಾಗುವ ಉಳಿತಾಯ 40 ಲಕ್ಷ ಬೈಟು.

ಈ ನಿಯಮವನ್ನು ಮೀರಿದರೆ ಅಪಾಯವುಂಟು. ಕಡತದಿಂದಲೋ ಜಾಲದಿಂದಲೋ ಬಂದ ಬೈಟುಗಳ ನಡುವಿನ ಯಾವುದೋ ಸ್ಥಾನವನ್ನು ಪೂರ್ಣಾಂಕದ ಪಾಯಿಂಟರೆಂದು ಬಲವಂತವಾಗಿ ಬದಲಿಸುವ ರೂಢಿ ಉಂಟಷ್ಟೆ. ಎಕ್ಸ್86 ಯಂತ್ರಗಳು ಇದನ್ನು ಸಾಮಾನ್ಯವಾಗಿ ಸಹಿಸುತ್ತವೆ. ಸ್ಪಾರ್ಕ್ ಯಂತ್ರಗಳಲ್ಲಿ ಅದೇ ಕ್ರಮವಿಧಿಯು ನಡುವೆಯೇ ನಿಂತುಹೋಗುತ್ತದೆ. ಎಕ್ಸ್86ರಲ್ಲಿಯೂ, ಕಂಪೈಲರು ಅಲೈನ್‌ಮೆಂಟನ್ನು ನಂಬಿ 16 ಬೈಟಿನ ಗಡಿಯನ್ನು ಅಪೇಕ್ಷಿಸುವ ಆದೇಶಗಳನ್ನು ಬಳಸಿದರೆ, ಬಹುಕಾಲ ಸರಿಯಾಗಿ ನಡೆದ ಕ್ರಮವಿಧಿ ಒಂದು ದಿನ ಕೆಡಬಹುದು. ಭಾಷೆಯ ಮಾನಕದ ಪ್ರಕಾರ ಇಂಥ ಬದಲಾವಣೆಯ ಫಲವೇ ಅನಿರ್ದಿಷ್ಟ.

ಪರಿಹಾರ ಸುಲಭ. ಬೈಟುಗಳನ್ನು ಮೆಮ್‌ಕಾಪಿ ಎಂಬ ಕಾರ್ಯದ ಮೂಲಕ ಪೂರ್ಣಾಂಕದೊಳಕ್ಕೆ ನಕಲು ಮಾಡಿಕೊಳ್ಳಬೇಕು. ಇಷ್ಟು ಚಿಕ್ಕ ನಕಲನ್ನು ಇಂದಿನ ಕಂಪೈಲರುಗಳು ಬಹುಮಟ್ಟಿಗೆ ಒಂದೇ ಆದೇಶಕ್ಕೆ ಇಳಿಸುವುದರಿಂದ ವೇಗಕ್ಕೆ ಹಾನಿಯಿಲ್ಲ. ಒಂದು ಪ್ರಕಾರದ ಅಲೈನ್‌ಮೆಂಟನ್ನು ಕೇಳಿ ತಿಳಿಯುವ ಸೌಲಭ್ಯವನ್ನು 2011ರ ಮಾನಕವು ಒದಗಿಸಿದೆ. ಒಂದು ಯಂತ್ರದಲ್ಲಿ ನಡೆಯಿತೆಂಬುದು ಕ್ರಮವಿಧಿಯ ಶುದ್ಧತೆಗೆ ಪ್ರಮಾಣವಲ್ಲವೆಂಬುದನ್ನು ಅಭ್ಯಾಸಿಗಳು ಮೊದಲಿನಿಂದಲೇ ಮನಗಾಣುವುದು ಒಳ್ಳೆಯದು.