ಓಮ್ನಿ ಸೀಟಿನ ಕೆಳಗೆ ನೀರು ತೊಟ್ಟಿಕ್ಕುತ್ತಿದೆಯೇ?

ಮಾರ್ಕೆಟ್‌ಗೆ ಮಾಲು ಒಯ್ಯೋಕೆ ನಮ್ಮನೇಲಿ ಇರೋದು ಹಳೇ ಮಾರುತಿ ಓಮ್ನಿ. ಎರಡು ತಿಂಗಳಿಂದ ನಿಲ್ಲಿಸಿದ ಜಾಗದಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ದಿನಾ ಒಂದು ಚೊಂಬು ಬೋರ್ ನೀರು ಸುರಿದು ಹೊರಡ್ತಿದ್ದೆ. ಒಂದಿನ ಟೊಮೆಟೊ ತುಂಬಿಕೊಂಡು ದಾವಣಗೆರೆಗೆ ಹೋಗುವಾಗ, ಕರೂರು ಕೈಗಾರಿಕಾ ಪ್ರದೇಶದ ಹತ್ತಿರ ಟೆಂಪರೇಚರ್ ಮುಳ್ಳು ಕೆಂಪಿಗೆ ಏರಿತು. ಎಂಜಿನ್ ಆಫ್ ಮಾಡಿದ್ದಕ್ಕೆ ಹೆಡ್ ಗ್ಯಾಸ್ಕೆಟ್ ಉಳೀತು. ಟೊಮೆಟೊ ಮಾತ್ರ ಅವತ್ತಿನ ಹರಾಜಿಗೆ ಮುಟ್ಟಲಿಲ್ಲ.

ಅಲ್ಲಿನ ಮೆಕ್ಯಾನಿಕ್ ಮುಂದಿನ ಸೀಟು ಎತ್ತಿದರು. ಓಮ್ನಿ ಎಂಜಿನ್ ಇರೋದೇ ಅದರಡಿ. ವಾಟರ್ ಪಂಪಿನಲ್ಲೊಂದು ಸಣ್ಣ ತೂತಿದೆ. ಒಳಗಿನ ಸೀಲ್ ಸವೆದರೆ ನೀರು ಬೇರಿಂಗ್‌ಗೆ ನುಗ್ಗದಿರಲಿ ಅಂತ ಅಲ್ಲಿಂದ ಹೊರಬರುತ್ತೆ. ಅದನ್ನ ಎಂ-ಸೀಲ್ ಹಚ್ಚಿ ಮುಚ್ಚಬೇಡಿ, ಪಂಪ್ ಬದಲಿಸಿ. ನಮ್ಮದರ ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಗಡಗಡ ಅಂತಿತ್ತು, ಬೇರಿಂಗೂ ಹೋಗಿತ್ತು.

ಅಂಗಡಿಗೆ ಹೋಗೋ ಮುಂಚೆ ಹಳೇ ಪಂಪಿನ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆಸಿ, ಬೆಲ್ಟ್ ಸೀಳಿದ್ರೆ ಅದನ್ನೂ ಹಾಕಿಸಿ. ಬೋರ್ ನೀರಿನ ಉಪ್ಪು ಡ್ರಿಪ್ ಪೈಪಲ್ಲಿ ಕಟ್ಟೋ ಹಾಗೇ ರೇಡಿಯೇಟರಲ್ಲೂ ಕಟ್ಟುತ್ತೆ. ಕೂಲೆಂಟ್‌ಗೆ ಡಿಸ್ಟಿಲ್ಡ್ ವಾಟರ್ ಸಮಪಾಲು ಬೆರೆಸಿ. ರೆಡಿಮಿಕ್ಸ್ ಆದ್ರೆ ನೀರು ಬೇಡ. ಎಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಅವತ್ತು ಗಾಬರೀಲಿ ಮುಟ್ಟಿದ್ದೆ, ಮುಂಗೈ ಮೇಲಿನ ಕಲೆ ಇನ್ನೂ ಹೋಗಿಲ್ಲ.