ಹಳೆಯ ಅಂಬಾಸಡರಿಗೆ ಗುಜರಿಯ ಕಮಾನು

ಹಿರಿಯರ ಕಾಲದ ಅಂಬಾಸಡರ್ ಕಾರನ್ನು ಮಾರದೆ ಉಳಿಸಿಕೊಂಡು ಬಂದಿರುವ ಮನೆಗಳು ನಮ್ಮ ನಾಡಿನಲ್ಲಿ ಇಂದಿಗೂ ಅಲ್ಲಲ್ಲಿ ಉಂಟು. ಮದುವೆಯ ದಿಬ್ಬಣಕ್ಕೆ, ಜಾತ್ರೆಗೆ, ಬಾಣಂತಿಯನ್ನು ಕರೆತರುವುದಕ್ಕೆ, ಒಮ್ಮೊಮ್ಮೆ ಶೇಂಗಾದ ಚೀಲಗಳನ್ನು ಸಾಗಿಸುವುದಕ್ಕೂ ದುಡಿದ ಗಾಡಿ ಅದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯನ್ನು ಆಧಾರವಾಗಿಟ್ಟುಕೊಂಡು, 1950ರ ದಶಕದ ಕೊನೆಯ ಭಾಗದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯವರು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದರು. 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆಯ ಕೆಲಸ ನಿಂತಿತು. ಅಲ್ಲಿಂದ ಈಚೆಗೆ ಬದುಕಿರುವ ಅಂಬಾಸಡರುಗಳು ಅನೇಕ ಬಿಡಿಭಾಗಗಳಿಗಾಗಿ ಸತ್ತ ಅಂಬಾಸಡರುಗಳನ್ನೇ ಅವಲಂಬಿಸಬೇಕಾಗಿದೆ. ಹೀಗೆ ಗುಜರಿಯಿಂದ ಬರುವ ಭಾಗಗಳಲ್ಲಿ ಹಿಂಗಾಲಿಯ ಕಮಾನಿನಷ್ಟು ಎಚ್ಚರಿಕೆಯಿಂದ ಆರಿಸಬೇಕಾದುದು ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ಕಮಾನು ಎಂದರೆ ಲೀಫ್ ಸ್ಪ್ರಿಂಗ್. ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಒಂದು ಬೋಲ್ಟನ್ನು ತೂರಿಸಿ ಬಿಗಿದ ಕಟ್ಟು ಇದು. ಜಟಕಾ ಗಾಡಿಯನ್ನು ಕಂಡ ಹಿರಿಯರಿಗೆ ಇದರ ಪರಿಚಯವನ್ನು ಹೇಳಬೇಕಾಗಿಲ್ಲ. ಅಂಬಾಸಡರಿನ ಮುಂಭಾಗದಲ್ಲಿ ಕಮಾನು ಇಲ್ಲ. ಅಲ್ಲಿ ತಿರುಚಿಕೊಂಡು ಭಾರವನ್ನು ತಾಳುವ ಉಕ್ಕಿನ ಸರಳುಗಳಿವೆ. ಹಿಂಭಾಗದಲ್ಲಿ ಮಾತ್ರ ಎಡಕ್ಕೊಂದು ಬಲಕ್ಕೊಂದು ಕಮಾನು. ಎಲ್ಲಕ್ಕಿಂತ ಉದ್ದವಾದ ಮುಖ್ಯ ಪಟ್ಟಿಯ ಎರಡು ತುದಿಗಳೂ ಸುರುಳಿಯಾಗಿ ಕಣ್ಣಿನಂತೆ ಮಡಿಚಿಕೊಂಡಿರುತ್ತವೆ. ಮುಂದಿನ ಕಣ್ಣನ್ನು ಕಾರಿನ ತಳಕ್ಕೆ ನೇರವಾಗಿ ಬೋಲ್ಟಿನಿಂದ ಕೀಲಿಸಿರುತ್ತಾರೆ. ಹಿಂದಿನ ಕಣ್ಣು ಶ್ಯಾಕಲ್ ಎಂಬ ತೂಗಾಡುವ ಕೊಂಡಿಯಲ್ಲಿ ನೇತಾಡುತ್ತದೆ. ಭಾರ ಬಿದ್ದಾಗ ಬಾಗಿದ ಪಟ್ಟಿ ನೆಟ್ಟಗಾಗಿ ತುಸು ಉದ್ದವಾಗುವುದರಿಂದ ಒಂದು ತುದಿಗೆ ಈ ಓಲಾಟ ಬೇಕೇ ಬೇಕು.

ಕಮಾನಿನ ಕೆಲಸ ಕುಲುಕಾಟವನ್ನು ತಡೆಯುವುದಷ್ಟೇ ಎಂದು ಹಲವರು ತಿಳಿದಿರುತ್ತಾರೆ. ನಿಜದಲ್ಲಿ ಹಿಂದಿನ ಆಕ್ಸಲನ್ನು ಅದರ ನೆಲೆಯಲ್ಲಿ ಹಿಡಿದು ನಿಲ್ಲಿಸುವುದೂ ಈ ಎರಡು ಕಟ್ಟುಗಳೇ. ಮುಂದಿನ ಕಣ್ಣಿಗೂ ಆಕ್ಸಲಿಗೂ ನಡುವೆ ಮುಖ್ಯ ಪಟ್ಟಿ ತುಂಡಾಯಿತೆನ್ನಿ. ಆ ಬದಿಯ ಚಕ್ರ ಹಿಂದಕ್ಕೆ ಸರಿದು, ಸ್ಟಿಯರಿಂಗ್ ಚಕ್ರವನ್ನು ಅಲುಗಿಸದಿದ್ದರೂ ಕಾರು ಒಂದು ಕಡೆಗೆ ಎಳೆಯತೊಡಗುತ್ತದೆ. ಹಿಂದಿನ ಆಸನದಲ್ಲಿ ಅಜ್ಜಿ ಮೊಮ್ಮಕ್ಕಳು ಕುಳಿತಿರುವಾಗ, ಘಟ್ಟದ ತಿರುವಿನಲ್ಲಿ ಇಂಥದು ನಡೆದರೆ ಗತಿಯೇನು? ಆದ್ದರಿಂದ ಇಲ್ಲಿ ನೂರಿನ್ನೂರು ರೂಪಾಯಿಯ ಉಳಿತಾಯವನ್ನು ಲೆಕ್ಕಕ್ಕೆ ತರುವುದು ಸಲ್ಲದು.

ಕಮಾನು ಸೋತಿರುವುದನ್ನು ಗುರುತಿಸುವುದು ಕಷ್ಟವೇನಲ್ಲ. ಸಮನಾದ ನೆಲದ ಮೇಲೆ ಖಾಲಿ ಕಾರನ್ನು ನಿಲ್ಲಿಸಿ ಹಿಂದಿನಿಂದ ನೋಡಬೇಕು. ಬೆನ್ನು ಜಗ್ಗಿದಂತೆ ಕಂಡರೆ, ಇಲ್ಲವೆ ಒಂದು ಬದಿ ವಾಲಿದ್ದರೆ, ಹಳ್ಳಕ್ಕಿಳಿದಾಗಲೆಲ್ಲ ಆಕ್ಸಲು ಮೇಲಿನ ರಬ್ಬರಿಗೆ ಬಡಿದು ದಡ್ ಎಂಬ ಸದ್ದು ಬಂದರೆ ಪಟ್ಟಿಗಳು ಬಳಲಿವೆ ಎಂದೇ ಅರ್ಥ. ಐವರು ಕೂರುವ ಕಾರಿನಲ್ಲಿ ಎಂಟು ಹತ್ತು ಮಂದಿ ಜಾತ್ರೆಗೆ ಹೋಗಿ ಬಂದುದರ ಫಲವನ್ನು ಅವು ಉಣ್ಣುತ್ತಿರುತ್ತವೆ.

ಹೊಸ ಕಟ್ಟು, ಅದೂ ಸರಿಯಾದ ಅಳತೆಯದು, ದೊರೆತರೆ ಅದನ್ನೇ ಕೊಳ್ಳುವುದು ಮೇಲು. ದೊರೆಯದಿದ್ದಾಗ ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆಯಂತಹ ಕಡೆಗಳಲ್ಲಿ ಹಳೆಯ ಗಾಡಿಗಳನ್ನು ಬಿಚ್ಚಿ ಮಾರುವ ಅಂಗಡಿಗಳಿಗೆ ಹೋಗಬೇಕಾಗುತ್ತದೆ. ಗುಜರಿಯೆಂದು ಮೂಗು ಮುರಿಯಬೇಕಾಗಿಲ್ಲ. ಕಮಾನಿನ ಉಕ್ಕು ಒಳ್ಳೆಯ ಜಾತಿಯದು; ಹೆಚ್ಚು ಭಾರ ಹೊರದ, ಮಳೆಗೆ ತೋಯದ ಸ್ವಂತ ಬಳಕೆಯ ಕಾರಿನಿಂದ ಬಂದ ಜೋಡಿಯಲ್ಲಿ ಇನ್ನೂ ಹಲವು ವರ್ಷಗಳ ಸತ್ತ್ವ ಉಳಿದಿರಬಹುದು. ಆದರೆ ಅಂಗಡಿಯಲ್ಲಿ ಕರಿಯ ಬಣ್ಣ ಬಳಿದು ಮಿರಮಿರನೆ ಮಿಂಚುವ ಕಮಾನನ್ನು ಕಂಡರೆ ನಾವಂತೂ ಅನುಮಾನಪಡುತ್ತೇವೆ. ತುಕ್ಕು ಹಿಡಿದದ್ದು ತನ್ನ ದೋಷವನ್ನು ತಾನೇ ತೋರಿಸುತ್ತದೆ. ಬಣ್ಣ ಬಳಿದದ್ದು ಮುಚ್ಚಿಡುತ್ತದೆ.

ಮೊದಲು ಹುಡುಕಬೇಕಾದುದು ಬಿರುಕು. ಅದು ಸಾಮಾನ್ಯವಾಗಿ ನಡುವಣ ಬೋಲ್ಟಿನ ರಂಧ್ರದ ಸುತ್ತ, ಇಲ್ಲವೆ ಕಣ್ಣು ಮಡಿಚಿಕೊಳ್ಳುವ ಜಾಗದಲ್ಲಿ ಹುಟ್ಟುತ್ತದೆ. ಬರಿಗಣ್ಣಿಗೆ ಕಾಣದ ಕೂದಲೆಳೆಯ ಬಿರುಕನ್ನು ಹಿಡಿಯಲು ಹಳೆಯ ಮೇಸ್ತ್ರಿಗಳು ಬಳಸುತ್ತಿದ್ದ ಉಪಾಯವೊಂದಿದೆ. ತಂತಿಯ ಬ್ರಷ್ಷಿನಿಂದ ಪಟ್ಟಿಯನ್ನು ಚೆನ್ನಾಗಿ ಉಜ್ಜಿ ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಬಳಿಕ ಬಟ್ಟೆಯಿಂದ ಒಣಗುವಂತೆ ಒರೆಸಿ, ಮೇಲೆ ಸೀಮೆಸುಣ್ಣವನ್ನು ತೆಳುವಾಗಿ ಬಳಿಯಬೇಕು. ಬಿರುಕಿದ್ದರೆ ಒಳಗಡಗಿದ ಎಣ್ಣೆ ಮೆಲ್ಲಗೆ ಹೊರಬಂದು ಬಿಳಿಯ ಸುಣ್ಣದ ಮೇಲೆ ಕಪ್ಪು ಗೆರೆಯನ್ನು ಬರೆಯುತ್ತದೆ. ಶಾಲೆಯ ಮಕ್ಕಳೂ ನೋಡಿ ಕಲಿಯಬಹುದಾದ ಪ್ರಯೋಗವಿದು. ಅಂಗಡಿಯವನು ಇದಕ್ಕೆ ಅವಕಾಶ ಕೊಡದಿದ್ದರೆ ಮುಂದಿನ ಅಂಗಡಿಗೆ ನಡೆಯುವುದೇ ಲೇಸು.

ಎರಡನೆಯದು ಅಳತೆ. ಹೊರಡುವ ಮೊದಲೇ ನಮ್ಮ ಕಾರಿನ ಕಮಾನಿನ ಪಟ್ಟಿಗಳ ಸಂಖ್ಯೆ, ಅಗಲ, ದಪ್ಪ, ಕಣ್ಣಿನ ಒಳವ್ಯಾಸ ಇವನ್ನು ಬರೆದುಕೊಂಡಿರಬೇಕು. ಮುಂದಿನ ಕಣ್ಣಿನಿಂದ ನಡುಬೋಲ್ಟಿಗೆ ಎಷ್ಟು ದೂರ, ನಡುಬೋಲ್ಟಿನಿಂದ ಹಿಂದಿನ ಕಣ್ಣಿಗೆ ಎಷ್ಟು ದೂರ ಎಂಬುದನ್ನು ಬೇರೆಬೇರೆಯಾಗಿ ಅಳೆಯಬೇಕು. ಆ ಲೆಕ್ಕ ತಪ್ಪಿದರೆ ಆಕ್ಸಲು ತನ್ನ ಜಾಗದಲ್ಲಿ ಕೂರುವುದಿಲ್ಲ. ಫಿಯಟ್ ವಂಶದ ಪ್ರೀಮಿಯರ್ ಪದ್ಮಿನಿಗೂ ಹಿಂದೆ ಕಮಾನೇ ಇತ್ತೆಂದು ಅದರದನ್ನು ಇದಕ್ಕೆ ಹೊಂದಿಸಲು ಹೊರಡಬಾರದು. ಟ್ಯಾಕ್ಸಿಯಾಗಿ ಓಡಿದ ಗಾಡಿಗಳಿಗೆ ಹೆಚ್ಚುವರಿ ಪಟ್ಟಿ ಸೇರಿಸಿರುವುದುಂಟು. ಅದನ್ನು ಹಾಗೆಯೇ ತಂದು ಹಾಕಿದರೆ ಕಾರಿನ ಬೆನ್ನು ಎತ್ತರವಾಗಿ, ಮನೆಯವರ ಸೊಂಟಕ್ಕೆ ಸುಖವಿರುವುದಿಲ್ಲ.

ಬಾಗು ಉಳಿದಿದೆಯೇ ಎಂದು ತಿಳಿಯಲು ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ ದಾರವನ್ನು ಬಿಗಿಯಾಗಿ ಹಿಡಿದು, ನಡುವೆ ದಾರಕ್ಕೂ ಪಟ್ಟಿಗೂ ಇರುವ ಅಂತರವನ್ನು ಅಳೆದರಾಯಿತು. ಜೋಡಿಯ ಎರಡರಲ್ಲೂ ಆ ಅಂತರ ಒಂದೇ ಆಗಿರಬೇಕು. ಒಂದೇ ಕಾರಿನಿಂದ ಬಿಚ್ಚಿದ ಜೋಡಿಯನ್ನೇ ಕೊಳ್ಳುವುದು, ಎರಡೂ ಬದಿಗೆ ಒಟ್ಟಿಗೆ ಬದಲಿಸುವುದು ಒಳ್ಳೆಯ ಪದ್ಧತಿ. ಬೆಸುಗೆ ಹಾಕಿದ ಗುರುತಿರುವ ಪಟ್ಟಿಯನ್ನು ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬಾರದು. ಉಕ್ಕಿಗೆ ಕಮಾನಿನ ಗುಣ ಬಂದಿರುವುದು ಅಳತೆಯಾದ ಕಾವು ಮತ್ತು ತಣಿಸುವಿಕೆಯ ಹದದಿಂದ. ಬೆಸುಗೆಯ ಬೆಂಕಿ ಆ ಹದವನ್ನು ಕೆಡಿಸುತ್ತದೆ. ಅಲ್ಲಿ ಪಟ್ಟಿ ಗಾಜಿನಂತೆ ಒಡೆಯಲೂಬಹುದು.

ತಂದ ಕಟ್ಟನ್ನು ಬಿಚ್ಚಿ ಶುಚಿಮಾಡುವುದು ಮುಂದಿನ ಕೆಲಸ. ಇಲ್ಲೊಂದು ಅಪಾಯವಿದೆ. ಪಟ್ಟಿಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ನಡುಬೋಲ್ಟನ್ನು ಸುಮ್ಮನೆ ಕಳಚಿದರೆ ಅವು ಸಿಡಿದು ಕೈಗೋ ಮುಖಕ್ಕೋ ಬಡಿಯುತ್ತವೆ. ದೊಡ್ಡ ವೈಸಿನಲ್ಲಿ ಬಿಗಿಹಿಡಿದು, ಬೋಲ್ಟು ತೆಗೆದ ಮೇಲೆ ಮೆಲ್ಲನೆ ಸಡಿಲಿಸಬೇಕು. ತುಕ್ಕನ್ನು ಉಜ್ಜಿ ತೆಗೆದು, ಪಟ್ಟಿಗಳ ನಡುವೆ ಗ್ರಾಫೈಟ್ ಬೆರೆತ ಗ್ರೀಸನ್ನು ತೆಳುವಾಗಿ ಸವರಿ ಮತ್ತೆ ಕಟ್ಟಬೇಕು. ಕಣ್ಣಿನೊಳಗಿನ ರಬ್ಬರ್ ಬುಷ್‌ಗಳು, ನಡುಬೋಲ್ಟು, ಯು-ಬೋಲ್ಟುಗಳು ಇವನ್ನು ಹೊಸದಾಗಿಯೇ ಹಾಕಬೇಕು. ಇಲ್ಲಿ ಜಿಪುಣತನ ತರವಲ್ಲ. ಎಣ್ಣೆ, ಗ್ರೀಸು ರಬ್ಬರನ್ನು ಕೊಳೆಸುವುದರಿಂದ ಬುಷ್‌ಗಳಿಗೆ ಅವನ್ನು ತಾಕಿಸಬಾರದು. ಸೋಪಿನ ನೀರು ಸಾಕು.

ಕೂಡಿಸುವ ಕೆಲಸವನ್ನು ಮನೆಯಂಗಳದಲ್ಲಿಯೂ ಮಾಡಬಹುದಾದರೂ, ಅನುಭವವುಳ್ಳ ಮೇಸ್ತ್ರಿ ಪಕ್ಕದಲ್ಲಿರಲಿ. ಹಿಂದಿನ ದಿನವೇ ನಟ್ಟುಗಳಿಗೆಲ್ಲ ತುಕ್ಕು ಬಿಡಿಸುವ ಎಣ್ಣೆ ಹಾಕಿರಬೇಕು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂಭಾಗವನ್ನು ಎತ್ತಿ, ಕಾರಿನ ತಳದ ಗಟ್ಟಿಯಾದ ಭಾಗಕ್ಕೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಡಬೇಕು. ಜಾಕಿನ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು, ಇಟ್ಟಿಗೆಯನ್ನಂತೂ ನಂಬಲೇಬಾರದು. ಆಕ್ಸಲಿಗೆ ಬೇರೊಂದು ಜಾಕು ಆಧಾರವಾಗಿರಲಿ. ಆಕ್ಸಲು ಕೆಳಗಿಳಿದಾಗ ಬ್ರೇಕಿನ ರಬ್ಬರ್ ಕೊಳವೆ ಜಗ್ಗದಂತೆ ನೋಡಿಕೊಳ್ಳಬೇಕು.

ಒಂದು ಬದಿಯನ್ನು ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಚ್ಚುವುದು ಜಾಣತನ. ಆಗ ಬಿಚ್ಚದ ಬದಿಯ ಕಮಾನು ಆಕ್ಸಲನ್ನು ಅದರ ನೆಲೆಯಲ್ಲಿ ಹಿಡಿದಿರುತ್ತದೆ. ಯು-ಬೋಲ್ಟುಗಳನ್ನು ತೆಗೆದು, ಶ್ಯಾಕಲ್ ಕಳಚಿ, ಮುಂದಿನ ಕಣ್ಣಿನ ಬೋಲ್ಟನ್ನು ಹೊಡೆದು ಹೊರತೆಗೆದರೆ ಹಳೆಯ ಕಟ್ಟು ಕೈಗೆ ಬರುತ್ತದೆ. ಬದಲಿ ಕಟ್ಟಿನ ಮುಂದಿನ ಕಣ್ಣನ್ನು ಮೊದಲು ಕೀಲಿಸಿ, ಹಿಂದಿನದನ್ನು ಶ್ಯಾಕಲ್‌ಗೆ ಸೇರಿಸಿ, ನಡುಬೋಲ್ಟಿನ ತಲೆ ಆಕ್ಸಲಿನ ಪೀಠದ ರಂಧ್ರದಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಬೇಕು. ಬಳಿಕ ಯು-ಬೋಲ್ಟುಗಳ ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಸಮನಾಗಿ ಬಿಗಿಯಬೇಕು.

ಕಣ್ಣಿನ ಬೋಲ್ಟುಗಳನ್ನೂ ಶ್ಯಾಕಲ್‌ನ ನಟ್ಟುಗಳನ್ನೂ ಈ ಹಂತದಲ್ಲಿ ಪೂರ್ತಿ ಬಿಗಿಯಬಾರದು. ಅವಸರದ ಕೆಲಸಗಾರರು ಮರೆಯುವುದು ಇದನ್ನೇ. ಕಾರು ಮೇಲಿರುವಾಗ ಬಿಗಿದುಬಿಟ್ಟರೆ ಬುಷ್‌ನ ರಬ್ಬರು ಆ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡು, ಕಾರನ್ನು ಇಳಿಸಿದೊಡನೆ ತಿರುಚಿ, ಕೆಲವೇ ತಿಂಗಳುಗಳಲ್ಲಿ ಹರಿದುಹೋಗುತ್ತದೆ. ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಒಂದೆರಡು ಬಾರಿ ಹಿಂಭಾಗವನ್ನು ಒತ್ತಿ ಬಿಟ್ಟು, ಅದು ತನ್ನ ಸಹಜವಾದ ಎತ್ತರಕ್ಕೆ ಬಂದು ನಿಂತ ಮೇಲೆ ಕೊನೆಯ ಬಿಗಿತ ಕೊಡಬೇಕು. ಇನ್ನೂರು ಮುನ್ನೂರು ಕಿಲೋಮೀಟರು ಓಡಿಸಿದ ಬಳಿಕ ಯು-ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ ಬಿಗಿಯುವುದು ಅಗತ್ಯ. ಪಟ್ಟಿಗಳು ಒಂದರ ಮೇಲೊಂದು ಕೂತಂತೆ ಅವು ತುಸು ಸಡಿಲಗೊಂಡಿರುತ್ತವೆ.

ಹದಿನೈದು ವರ್ಷ ದಾಟಿದ ಸ್ವಂತ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಗಾಡಿಯ ಕ್ಷಮತೆಯ ತಪಾಸಣೆ ನಡೆಯುತ್ತದೆ. ಐವತ್ತು ವರ್ಷ ಮೀರಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ತಂದಿತು. ಅದಕ್ಕೆ ವಾಹನ ಮೂಲರೂಪದಲ್ಲಿರಬೇಕು. ಮೂಲದ ಅಳತೆಯ ಕಮಾನನ್ನೇ ಹುಡುಕಿ ಹಾಕಲು ಇದೂ ಒಂದು ಕಾರಣ.

ಇನ್ನು ಉಳಿಯುವುದು ಬಿಚ್ಚಿದ ಹಳೆಯ ಜೋಡಿ. ಬಿರುಕಿಲ್ಲದ ಗಿಡ್ಡ ಪಟ್ಟಿಗಳನ್ನು ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಡಬಹುದು. ಬಿರುಕು ಬಿಟ್ಟ ಮುಖ್ಯ ಪಟ್ಟಿಯನ್ನು ಮಾತ್ರ ಇಡಿಯಾಗಿ ಗುಜರಿಯವನಿಗೆ ಮರಳಿ ಮಾರಬಾರದು. ಕರಿಯ ಬಣ್ಣ ಬಳಿಸಿಕೊಂಡು ಅದು ಇನ್ನೊಂದು ಮನೆಯ ಕಾರಿಗೆ ಹೋಗಿ ಸೇರೀತು. ಎರಡು ತುಂಡು ಮಾಡಿಸಿ ಊರಿನ ಕಮ್ಮಾರರ ಕುಲುಮೆಗೆ ಕೊಟ್ಟರೆ ಮಚ್ಚು, ಕುಡುಗೋಲುಗಳಾಗಿ ಹೊರಬರುತ್ತದೆ. ಕಮಾನಿನ ಉಕ್ಕಿನಿಂದ ಮಾಡಿದ ಮಚ್ಚಿನ ಬಾಯಿ ಬೇಗ ಮೊಂಡಾಗುವುದಿಲ್ಲವೆಂಬುದು ತೆಂಗಿನ ತೋಟವಿರುವ ಮನೆಗಳಿಗೆಲ್ಲ ಗೊತ್ತಿರುವ ಸಂಗತಿ.